ದಿನಕ್ಕೊಂದು ಡಾಲರಿನ ಮನೆ

ಮನೆಯನ್ನು ಬೆನ್ನ ಮೇಲೆ ಹೊತ್ತು ತಿರುಗುವ ಜೀವಿ ಎಂದರೆ ನಮಗೆ ಮೊದಲು ನೆನಪಾಗುವುದು ಬಸವನಹುಳು. 2023ರ ಆಗಸ್ಟ್ ತಿಂಗಳಿನಲ್ಲಿ ಆರು ದಿನಗಳ ಕಾಲ ನಾನೂ ನನ್ನ ಶ್ರೀಮತಿಯೂ ನಮ್ಮ ಮಗಳೂ ಆ ಜಾತಿಗೆ ಸೇರಿದ್ದೆವು. ದಕ್ಷಿಣ ಆಸ್ಟ್ರೇಲಿಯದ ಅಡಿಲೇಡ್ ನಗರದಿಂದ ಪಶ್ಚಿಮ ತೀರದ ಪರ್ತ್ ನಗರದವರೆಗೆ, ಸುಮಾರು 2,700 ಕಿಲೋಮೀಟರ್ ದಾರಿಯನ್ನು, ಒಲೆಯೂ ಹಾಸಿಗೆಯೂ ಒಳಗೇ ಇದ್ದ ಒಂದು ವ್ಯಾನಿನಲ್ಲಿ ಕ್ರಮಿಸಿದೆವು. ಅಂಥ ವಾಹನವನ್ನು ಅಲ್ಲಿಯವರು ಕ್ಯಾಂಪರ್‌ವ್ಯಾನ್ ಎನ್ನುತ್ತಾರೆ. ಅದಕ್ಕೆ ನಾವು ತೆತ್ತ ಬಾಡಿಗೆ ದಿನಕ್ಕೆ ಒಂದು ಡಾಲರು. ಊರಿಗೆ ಬಂದು ಇದನ್ನು ಹೇಳಿದಾಗ ಗೆಳೆಯರಾರೂ ನಂಬಲಿಲ್ಲ. ನಿವೃತ್ತ ಮೇಷ್ಟರು ಸಮುದ್ರ ದಾಟಿ ಬಂದರೆ ನಾಲ್ಕು ಸುಳ್ಳು ಹೇಳುವುದು ವಾಡಿಕೆಯೇ ಎಂದು ನಕ್ಕರು. ಆದ್ದರಿಂದ ಮೊದಲು ಆ ಒಂದು ಡಾಲರಿನ ವಿಷಯವನ್ನೇ ಬಿಡಿಸಿ ಹೇಳುತ್ತೇನೆ.

ವ್ಯಾನುಗಳನ್ನು ಬಾಡಿಗೆಗೆ ಕೊಡುವ ಕಂಪನಿಗಳಿಗೆ ಅಲ್ಲಿ ಒಂದು ನಿತ್ಯದ ತೊಡಕು ಉಂಟು. ಪ್ರವಾಸಿಗಳು ಒಂದು ನಗರದಲ್ಲಿ ವಾಹನವನ್ನು ಪಡೆದು ಇನ್ನೊಂದರಲ್ಲಿ ಬಿಟ್ಟು ವಿಮಾನ ಹತ್ತಿಬಿಡುತ್ತಾರೆ. ಒಂದು ಕಡೆ ವಾಹನಗಳು ಕೇಳುವವರಿಲ್ಲದೆ ನಿಲ್ಲುತ್ತವೆ. ಇನ್ನೊಂದು ಕಡೆ ಕೇಳುವವರಿದ್ದೂ ವಾಹನವಿರುವುದಿಲ್ಲ. ಸಂಬಳದ ಚಾಲಕನಿಂದ ಸಾಗಿಸುವುದು, ಲಾರಿಯ ಮೇಲೆ ಹೇರಿ ಕಳಿಸುವುದು, ಎರಡೂ ದುಬಾರಿ. ಆದುದರಿಂದ ‘ಇಂಥ ವಾಹನವನ್ನು ಇಷ್ಟು ದಿನದೊಳಗೆ ಇಂಥ ಊರಿಗೆ ಮುಟ್ಟಿಸಿರಿ, ನಾಮಮಾತ್ರದ ಬಾಡಿಗೆ ಕೊಟ್ಟರೆ ಸಾಕು’ ಎಂದು ಪ್ರಕಟಿಸುತ್ತಾರೆ. ಇದಕ್ಕೆ ರೀಲೊಕೇಷನ್ ಎಂದು ಹೆಸರು. ನಮ್ಮಲ್ಲಿ ಖಾಲಿ ಹಿಂದಿರುಗುವ ಲಾರಿಯವನು ಕಡಿಮೆ ದರಕ್ಕೆ ಹೇರು ಹಾಕಿಕೊಳ್ಳುವುದಿಲ್ಲವೆ, ಇದು ಅದರದೇ ಇನ್ನೊಂದು ರೂಪ. ಇಲ್ಲಿ ಹೇರು ನಾವೇ, ಚಾಲಕರೂ ನಾವೇ.

ನನ್ನ ಮಗಳು ದಾದಿಯ ವೃತ್ತಿಯವಳು. ಅಡಿಲೇಡಿನ ಕೆಲಸವನ್ನು ಬಿಟ್ಟು ಪರ್ತಿನಲ್ಲಿ ಹೊಸ ಕೆಲಸಕ್ಕೆ ಸೇರಬೇಕಾಗಿತ್ತು. ಐದು ಪೆಟ್ಟಿಗೆ, ಒಂದು ಮಿಕ್ಸರು, ಎರಡು ಕುಕ್ಕರು, ಪುಸ್ತಕಗಳ ಒಂದು ಗಂಟು: ಇಷ್ಟನ್ನು ವಿಮಾನದಲ್ಲಿ ಒಯ್ಯುವ ವೆಚ್ಚವನ್ನು ಕೇಳಿ ಅವಳು ಈ ಒಂದು ಡಾಲರಿನ ಉಪಾಯವನ್ನು ಹಿಡಿದಳು. ಅಗ್ಗಕ್ಕೆ ಬಾಲಗಳು ಬಹಳ. ಆರು ದಿನಕ್ಕಿಂತ ತಡವಾದರೆ ದಂಡ. ಡೀಸೆಲು ನಮ್ಮದು. ಠೇವಣಿಯಾಗಿ ದೊಡ್ಡದೊಂದು ಮೊತ್ತ ಅವರ ಹಿಡಿತದಲ್ಲಿರುತ್ತದೆ. ಡಾಂಬರಿಲ್ಲದ ರಸ್ತೆಗೆ ಇಳಿಯಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ಊರಿಲ್ಲದ ಕಡೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ವಾಹನ ನಡೆಸಕೂಡದು. ನಡೆಸಿ ಅಪಘಾತವಾದರೆ ವಿಮೆ ಸಲ್ಲದು. ಮುಸ್ಸಂಜೆಯಲ್ಲಿ ಕಾಂಗರೂಗಳು ರಸ್ತೆಗೆ ಬರುವುದೇ ಇದಕ್ಕೆ ಕಾರಣ. ಓಡಿಸುವವಳು ಮಗಳೊಬ್ಬಳೇ. ಅಡಿಗೆ ಶ್ರೀಮತಿಯದು. ನನ್ನ ಪಾಲಿಗೆ ಬಂದದ್ದು ನಕ್ಷೆ ಮತ್ತು ಲೆಕ್ಕದ ಪುಸ್ತಕ. ಆ ಪುಸ್ತಕದ ಕಥೆ ಮುಂದೆ ಬರುತ್ತದೆ.

ಕಡಿಮೆ ಹಣದಲ್ಲಿ ಹೀಗೆ ತಿರುಗುವುದು ಆ ದೇಶದಲ್ಲಿ ಸಾಧ್ಯವಾಗುವುದು ಬಾಡಿಗೆಯ ಅಗ್ಗದಿಂದ ಮಾತ್ರವಲ್ಲ. ಸಾರ್ವಜನಿಕರಿಗೆಂದು ಏರ್ಪಡಿಸಿರುವ ಕೆಲವು ಅನುಕೂಲಗಳಿಂದ. ಸಣ್ಣ ಸಣ್ಣ ಊರಿನ ಉದ್ಯಾನದಲ್ಲಿಯೂ ಶುಚಿಯಾದ ಶೌಚಾಲಯ, ಕುಡಿಯುವ ನೀರಿನ ನಲ್ಲಿ, ಗುಂಡಿ ಒತ್ತಿದರೆ ಕಾಯುವ ವಿದ್ಯುತ್ ಕಾವಲಿ ಇರುತ್ತವೆ. ಕಾವಲಿ ಅವರಿಗೆ ಮಾಂಸ ಬೇಯಿಸುವುದಕ್ಕೆ. ನನ್ನ ಶ್ರೀಮತಿ ಅದನ್ನು ಮೂರು ಸಲ ಉಜ್ಜಿ ತೊಳೆದು, ಮೇಲೆ ತಗಡಿನ ಹಾಳೆ ಹಾಸಿ, ಅಕ್ಕಿರೊಟ್ಟಿ ತಟ್ಟಿದಳು. ಹೆದ್ದಾರಿಯ ಬದಿಯಲ್ಲಿ ಅಲ್ಲಲ್ಲಿ ವಿಶ್ರಾಂತಿಯ ತಾಣಗಳುಂಟು. ಅವುಗಳಲ್ಲಿ ಬಹಳಷ್ಟು ಕಡೆ ಒಂದು ರಾತ್ರಿ ತಂಗಲು ಕಾಸು ಕೊಡಬೇಕಾಗಿಲ್ಲ. ಮೊದಲ ರಾತ್ರಿ ತಂಗಿದ ಕಿಂಬ ಎಂಬ ಗೋಧಿ ಬೆಳೆಯುವ ಊರಿನಲ್ಲಿ ಆಟದ ಬಯಲಿನ ಪಕ್ಕದ ಜಾಗವನ್ನೇ ದಾರಿಹೋಕರಿಗೆ ಬಿಟ್ಟಿದ್ದಾರೆ. ಕಾಣಿಕೆಯ ಡಬ್ಬಿಯೊಂದಿದೆ, ಹಾಕಿದಿರಾ ಎಂದು ಕೇಳುವವರು ಯಾರೂ ಇಲ್ಲ. ನಮ್ಮ ಹಿರಿಯರು ಕಟ್ಟಿಸಿದ ಅರವಟ್ಟಿಗೆ, ಛತ್ರ, ಹೊರೆ ಇಳಿಸುವ ಕಲ್ಲುಗಳು ಅಂದು ರಾತ್ರಿ ನನಗೆ ಬಹಳ ನೆನಪಾದವು. ಛತ್ರದಲ್ಲಿ ಧರ್ಮ, ಇಲ್ಲಿ ಪುರಸಭೆಯ ತೆರಿಗೆ. ಮಲಗುವವನ ಬೆನ್ನಿಗೆ ಭೇದ ತಿಳಿಯುವುದಿಲ್ಲ. ಚಳಿ ಮಾತ್ರ ತಿಳಿಯಿತು. ಆಗಸ್ಟ್ ಅವರಿಗೆ ಚಳಿಗಾಲ. ತಗಡಿನ ಗೋಡೆಯ ಒಳಮೈಯಲ್ಲಿ ನಮ್ಮ ಉಸಿರೇ ನೀರಾಗಿ ಹನಿಯಿತು.

ಸೆಡೂನ ಎಂಬ ಕಡಲೂರನ್ನು ದಾಟಿದ ಮೇಲೆ ಊರು ಎನ್ನಬಹುದಾದದ್ದು ನಾರ್ಸ್‌ಮನ್ ಬರುವವರೆಗೆ ಇಲ್ಲವೆಂದರೆ ಸಲ್ಲುತ್ತದೆ. ನಡುವೆ ಸುಮಾರು 1,200 ಕಿಲೋಮೀಟರು. ಇದೇ ನಲ್ಲರ್ಬೋರ್ ಬಯಲಿನ ದಾರಿ. ಹೆಸರು ಕಿವಿಗೆ ಬಿದ್ದಾಗ ಅದು ಮೂಲನಿವಾಸಿಗಳ ಮಾತೆಂದು ಭ್ರಮೆಯಾಗುತ್ತದೆ. ಹಾಗಲ್ಲ. 1860ರ ದಶಕದಲ್ಲಿ ಡೆಲಿಸರ್ ಎಂಬ ಭೂಮಾಪಕ ಲ್ಯಾಟಿನ್ನಿನ ಎರಡು ಶಬ್ದಗಳನ್ನು ಬೆಸೆದು ಇಟ್ಟ ಹೆಸರು ಇದು. ‘ಮರ ಒಂದೂ ಇಲ್ಲ’ ಎಂದು ಅರ್ಥ. ಸುಮಾರು ಎರಡು ಲಕ್ಷ ಚದರ ಕಿಲೋಮೀಟರಿನ ಸುಣ್ಣಕಲ್ಲಿನ ಹಾಸು. ಬಿದ್ದ ಮಳೆಯನ್ನೆಲ್ಲ ಬಿರುಕುಗಳಲ್ಲಿ ಹೀರಿಕೊಳ್ಳುವುದರಿಂದ ಮೇಲೆ ಹೊಳೆಯಿಲ್ಲ, ಕೆರೆಯಿಲ್ಲ. ಆದರೆ ಹೆದ್ದಾರಿ ನಿಜವಾಗಿ ಮರವಿಲ್ಲದ ಭಾಗವನ್ನು ಹಾಯುವುದು ಸ್ವಲ್ಪ ದೂರ ಮಾತ್ರ. ಉಳಿದೆಡೆ ಕುಳ್ಳ ನೀಲಗಿರಿ ಮರಗಳೂ ಬೂದುಬಣ್ಣದ ಉಪ್ಪುಪೊದೆಗಳೂ ಇದ್ದೇ ಇವೆ. ರಸ್ತೆಯ ಹಳದಿ ಫಲಕದಲ್ಲಿ ಕಾಂಗರೂ, ವಾಂಬ್ಯಾಟ್‌ಗಳ ಜೊತೆಗೆ ಒಂಟೆಯ ಚಿತ್ರ! ಅದು ನಮ್ಮ ಕಡೆಯ ನೆಂಟ. 19ನೆಯ ಶತಮಾನದಲ್ಲಿ ಅಂದಿನ ಬ್ರಿಟಿಷ್ ಇಂಡಿಯಾದ ವಾಯವ್ಯ ಭಾಗದಿಂದಲೂ ಆಫ್ಘಾನಿಸ್ತಾನದಿಂದಲೂ ಒಂಟೆಗಳನ್ನೂ ಒಂಟೆಗಾರರನ್ನೂ ಹೇರು ಸಾಗಿಸಲು ಕರೆತಂದರು. ಮೋಟಾರು ಬಂದ ಮೇಲೆ ಬಿಟ್ಟುಹೋದ ಒಂಟೆಗಳು ಕಾಡು ಸೇರಿ ಹೆಚ್ಚಿದವು.

ಮೂರನೆಯ ದಿನ ಹೆಡ್ ಆಫ್ ಬೈಟ್ ಎಂಬಲ್ಲಿ ತಿಮಿಂಗಿಲಗಳನ್ನು ಕಂಡೆವು. ದಕ್ಷಿಣದ ಹಿಮಸಾಗರದಿಂದ ಚಳಿಗಾಲದಲ್ಲಿ ಇಲ್ಲಿಗೆ ಈಯಲು ಬರುತ್ತವೆ. ಬಂಡೆಯಂಚಿನ ಮರದ ಹಲಗೆಯ ಮೇಲೆ ನಿಂತರೆ ಕೆಳಗೆ ತಾಯಿ, ಮಗ್ಗುಲಲ್ಲಿ ಮರಿ. ಇವಕ್ಕೆ ಇಂಗ್ಲಿಷಿನಲ್ಲಿ ‘ಸರಿಯಾದ ತಿಮಿಂಗಿಲ’ ಎಂಬ ಅರ್ಥದ ಹೆಸರು. ಯಾವುದಕ್ಕೆ ಸರಿ? ಕೊಲ್ಲುವುದಕ್ಕೆ ಸರಿ. ಮೆಲ್ಲಗೆ ಈಜುತ್ತದೆ, ಸತ್ತರೆ ತೇಲುತ್ತದೆ, ಎಣ್ಣೆ ಹೇರಳ. ಬೇಟೆಗಾರನಿಟ್ಟ ಹೆಸರು ಬೇಟೆ ನಿಂತ ಮೇಲೂ ಉಳಿದುಕೊಂಡಿದೆ. ಪ್ರವೇಶಕ್ಕೆ ಶುಲ್ಕ ಕೊಟ್ಟೆವು. ಇಡೀ ಪ್ರಯಾಣದಲ್ಲಿ ನಾನು ಗೊಣಗದೆ ಬರೆದುಕೊಂಡ ಖರ್ಚು ಅದೊಂದೇ.

ಪಶ್ಚಿಮ ಆಸ್ಟ್ರೇಲಿಯದ ಗಡಿಯಲ್ಲಿ ಹಗಲಿರುಳೂ ತೆರೆದಿರುವ ಒಂದು ತಪಾಸಣೆಯ ಠಾಣೆಯಿದೆ. ಹಣ್ಣು, ಹಸಿಯ ತರಕಾರಿ, ಗಿಡದ ಭಾಗಗಳು, ಜೇನುತುಪ್ಪ ಯಾವುದನ್ನೂ ಒಳಗೆ ಬಿಡರು. ಹಣ್ಣಿನ ನೊಣ, ಜೇನಿನ ರೋಗ ಮುಂತಾದ ಪಿಡುಗುಗಳು ಆ ರಾಜ್ಯದ ತೋಟಗಳಿಗೆ ಬಾರದಿರಲಿ ಎಂಬ ಎಚ್ಚರ. ಇದು ಮೊದಲೇ ತಿಳಿದಿದ್ದರಿಂದ, ಬೇಯಿಸಿದ ತರಕಾರಿಗೆ ಅಡ್ಡಿಯಿಲ್ಲವೆಂದು ಮಗಳು ಹೇಳಿದ್ದರಿಂದ, ಶ್ರೀಮತಿ ಹಿಂದಿನ ದಿನವೇ ಉಳಿದ ಈರುಳ್ಳಿ, ಆಲೂಗಡ್ಡೆ, ಎಲೆಕೋಸುಗಳನ್ನೆಲ್ಲ ಒಂದೇ ಪಲ್ಯ ಮಾಡಿಟ್ಟಿದ್ದಳು. ಮುಂದಿನ ಎರಡು ದಿನ ಅದೇ ಪಲ್ಯ. ಆದರೆ ಕರಿಬೇವಿನ ಒಂದು ಕಡ್ಡಿ ಕಾಗದದಲ್ಲಿ ಸುತ್ತಿ ಬೇಳೆಯ ಡಬ್ಬಿಯ ಹಿಂದೆ ಉಳಿದುಬಿಟ್ಟಿತ್ತು. ಅಧಿಕಾರಿ ಅದನ್ನು ಎರಡು ಬೆರಳಲ್ಲಿ ಹಿಡಿದು, ‘ಇದೇನು?’ ಎಂದು ಸೌಜನ್ಯದಿಂದಲೇ ಕೇಳಿ, ತೊಟ್ಟಿಗೆ ಹಾಕಿದ. ‘ರೀ, ಒಗ್ಗರಣೆಗೆ ಇನ್ನೇನು ಹಾಕಲಿ?’ ಎಂದು ಶ್ರೀಮತಿ ನನ್ನನ್ನು ಕೇಳಿದ ದನಿಗೆ ನಿಯಮಾವಳಿಯಲ್ಲಿ ಉತ್ತರವಿರಲಿಲ್ಲ.

ಗಡಿಯಿಂದ 12 ಕಿಲೋಮೀಟರಿನಲ್ಲಿ ಯೂಕ್ಲ. ನಾವು ಅಲ್ಲಿ ತಂಗಿದೆವು. ಆ ಸೀಮೆಯ ಗಡಿಯಾರ ಯಾವ ರಾಜ್ಯಕ್ಕೂ ಸೇರಿದ್ದಲ್ಲ. ಪರ್ತಿಗಿಂತ 45 ನಿಮಿಷ ಮುಂದೆ, ಅಡಿಲೇಡಿಗಿಂತ 45 ನಿಮಿಷ ಹಿಂದೆ. 1877ರಲ್ಲಿ ಇಲ್ಲಿ ತಂತಿ ಕಛೇರಿ ಸ್ಥಾಪನೆಯಾಗಿ ಊರು ಬೆಳೆಯಿತು. 1890ರ ದಶಕದಲ್ಲಿ ಮೊಲಗಳ ಹಿಂಡು ಬಂದು ಮರಳುದಿಣ್ಣೆಗಳನ್ನು ಹಿಡಿದಿಟ್ಟಿದ್ದ ಹಸುರನ್ನು ಮೇಯ್ದುಬಿಟ್ಟವು. ದಿಣ್ಣೆಗಳು ನಡೆದು ಬಂದವು. ಈಗ ಕಛೇರಿಯ ಕಲ್ಲುಗೋಡೆಗಳು ಮರಳಿನಲ್ಲಿ ಅರೆಹೂತು ನಿಂತಿವೆ. ಇದೇ ದಿಣ್ಣೆಗಳ ಸೀಮೆಯಲ್ಲಿ 1841ರಲ್ಲಿ ಎಡ್ವರ್ಡ್ ಜಾನ್ ಏರ್ ನೀರಿಲ್ಲದೆ ಅಲೆದ. ಹೆದ್ದಾರಿಗೆ ಅವನದೇ ಹೆಸರು. ಮರಳಿನಲ್ಲಿ ನೀರು ತೋಡುವ ತಾಣಗಳನ್ನು ಮೂಲನಿವಾಸಿಗಳು ಅವನಿಗೆ ತೋರಿಸಿಕೊಟ್ಟರು; ಕೊನೆಯವರೆಗೆ ಜೊತೆಯಲ್ಲಿ ನಡೆದವನೂ ವೈಲಿ ಎಂಬ ಮೂಲನಿವಾಸಿ ಯುವಕನೇ. ಮಿರ್ನಿಂಗ್ ಜನಕ್ಕೆ ಈ ನೆಲ ಶೂನ್ಯವಾಗಿರಲಿಲ್ಲ. ಶೂನ್ಯವೆಂದು ಹೆಸರಿಟ್ಟವನು ಹೊರಗಿನಿಂದ ಬಂದವನು.

ಇನ್ನು ನನ್ನ ಲೆಕ್ಕದ ಪುಸ್ತಕ. ಈ ದಾರಿಯಲ್ಲಿ ಇಂಧನ ಸಿಗುವುದು ರೋಡ್‌ಹೌಸ್ ಎಂಬ ಒಂಟಿ ತಾಣಗಳಲ್ಲಿ. ಡೀಸೆಲನ್ನು ನೂರಾರು ಕಿಲೋಮೀಟರಿನಿಂದ ತರಬೇಕು, ವಿದ್ಯುತ್ತನ್ನು ತಾವೇ ಉತ್ಪಾದಿಸಿಕೊಳ್ಳಬೇಕು, ನೀರಿಗೂ ಕಷ್ಟ. ದರ ಹೆಚ್ಚಿರುವುದು ನ್ಯಾಯವೇ. ನಮ್ಮ ವ್ಯಾನಿನ ಟ್ಯಾಂಕು 70 ಲೀಟರಿನದು. ನೂರು ಕಿಲೋಮೀಟರಿಗೆ 12 ಲೀಟರ್ ಕುಡಿಯುತ್ತದೆ ಎಂದು ಮೂರು ದಿನದ ಅನುಭವದಿಂದ ಬರೆದಿಟ್ಟಿದ್ದೆ. ಯೂಕ್ಲದಿಂದ ಬಲ್ಲಡೋನಿಯಕ್ಕೆ 519 ಕಿಲೋಮೀಟರು. ಒಂದೇ ಟ್ಯಾಂಕಿನಲ್ಲಿ ಹೋಗಿ ಇನ್ನೂ ಏಳೆಂಟು ಲೀಟರ್ ಮಿಗಬೇಕು. ನಾಲ್ಕನೆಯ ದಿನ ಮಧ್ಯಾಹ್ನ ಕೈಗುನ ಎಂಬ ತಾಣದಲ್ಲಿ ಚಹಾ ಕುಡಿಯಲು ನಿಂತಾಗ ಮಗಳು, ‘ಅಪ್ಪ, ಇಲ್ಲೇ ಹಾಕಿಸಿಬಿಡೋಣ’ ಎಂದಳು. ನಾನು ಬೆಲೆಯ ಫಲಕವನ್ನು ನೋಡಿ, ‘ಬೇಡಮ್ಮ, ಇನ್ನೂ 30 ಲೀಟರ್ ಇದೆ, 182 ಕಿಲೋಮೀಟರಿಗೆ 22 ಸಾಕು. ಮುಂದೆ ಕಡಿಮೆ ಇದ್ದೀತು’ ಎಂದೆ. ‘ಮುಳ್ಳು ಅಷ್ಟು ತೋರಿಸ್ತಾ ಇಲ್ವಲ್ಲ?’ ‘ಮುಳ್ಳನ್ನು ನಂಬಬಾರದು, ಲೆಕ್ಕವನ್ನು ನಂಬಬೇಕು.’ ಮೂವತ್ತು ವರ್ಷ ತರಗತಿಯಲ್ಲಿ ಯಾರೂ ಎದುರಾಡದಿದ್ದವನ ದನಿ ಅದು. ಅವಳು ಸುಮ್ಮನಾದಳು.

ಕೈಗುನದಿಂದ ಹೊರಟೊಡನೆ 146.6 ಕಿಲೋಮೀಟರ್ ಉದ್ದದ, ಒಂದೇ ಒಂದು ತಿರುವಿಲ್ಲದ ರಸ್ತೆ. ನನ್ನ ಲೆಕ್ಕದಲ್ಲಿ ಎರಡು ಸಂಗತಿಗಳು ಸೇರಿರಲಿಲ್ಲ. ಮೊದಲನೆಯದು ಗಾಳಿ. ಆ ಋತುವಿನಲ್ಲಿ ಪಡುವಣ ಗಾಳಿ ಬಲವಾಗಿ ಬೀಸುತ್ತದೆ. ನಾವು ಹೋಗುತ್ತಿದ್ದುದು ಪಡುವಣಕ್ಕೇ. ಬೀರುವಿನಂತೆ ಚಪ್ಪಟೆ ಎದೆಯ ವ್ಯಾನು ಬೆಳಗಿನಿಂದ ಅದನ್ನು ತಳ್ಳಿಕೊಂಡು ಹೋಗುತ್ತಿತ್ತು. ಎರಡನೆಯದು ಸೂರ್ಯ. ಅಷ್ಟು ವಿಸ್ತಾರವಾದ ರಾಜ್ಯಕ್ಕೆಲ್ಲ ಪರ್ತಿನ ಗಡಿಯಾರವೇ ಪ್ರಮಾಣವಾದುದರಿಂದ, ಪೂರ್ವದ ಆ ಮೂಲೆಯಲ್ಲಿ ಚಳಿಗಾಲದ ಸೂರ್ಯ ಐದು ಗಂಟೆಯ ಸುಮಾರಿಗೇ ಮುಳುಗುತ್ತಾನೆ. ನಾನು ಆರು ಎಂದು ಹಿಡಿದಿದ್ದೆ. ನೇರ ದಾರಿಯ ನಡುವಿನಲ್ಲಿ ಇಂಧನದ ಕೆಂಪುದೀಪ ಹೊತ್ತಿಕೊಂಡಿತು.

ಮಗಳು ಏನೂ ಹೇಳಲಿಲ್ಲ. ವೇಗವನ್ನು 70ಕ್ಕೆ ಇಳಿಸಿದಳು. ನಿಧಾನವಾದಷ್ಟೂ ಗಾಳಿಯ ತಡೆ ಕಡಿಮೆ, ಇಂಧನ ಉಳಿಯುತ್ತದೆ. ಆದರೆ ನಿಧಾನವಾದಷ್ಟೂ ಕತ್ತಲೆ ಹತ್ತಿರ. ಫೋನಿಗೆ ಸಂಕೇತವಿಲ್ಲ. ಎದುರಿನಿಂದ ಎರಡು ಟ್ರೇಲರ್ ಎಳೆಯುವ ಲಾರಿಗಳು ಬಂದಾಗಲೆಲ್ಲ ವ್ಯಾನು ಪಕ್ಕಕ್ಕೆ ಜಗ್ಗುತ್ತಿತ್ತು. ಒಂದೆಡೆ ರಸ್ತೆ ಅಗಲವಾಗಿ ಬಿಳಿಯ ದಪ್ಪ ಪಟ್ಟೆಗಳು ಕಂಡವು. ಅದು ವಿಮಾನ ಇಳಿಯುವ ಜಾಗ. 1928ರಲ್ಲಿ ಪಾದ್ರಿ ಜಾನ್ ಫ್ಲಿನ್ ಪ್ರಾರಂಭಿಸಿದ ಹಾರುವ ವೈದ್ಯರ ಸೇವೆಗಾಗಿ ಹೆದ್ದಾರಿಯನ್ನೇ ಅಲ್ಲಲ್ಲಿ ಓಡುಹಾದಿಯಾಗಿ ಗುರುತಿಸಿದ್ದಾರೆ. ಬೇರೆ ಹೊತ್ತಿನಲ್ಲಾದರೆ ಇಳಿದು ನಿಂತು ಮೆಚ್ಚುತ್ತಿದ್ದೆ. ಆಗ ನನಗೆ ತೋಚಿದ್ದು ಇಲ್ಲಿ ಜನ ಕಾಯಿಲೆ ಬಿದ್ದರೆ ಆಕಾಶದಿಂದ ನೆರವು ಬರಬೇಕು ಎಂಬುದೊಂದೇ. ನೇರ ದಾರಿ ಮುಗಿದಾಗ ಸೂರ್ಯ ಮುಳುಗಿದ್ದ. ಇನ್ನೂ 35 ಕಿಲೋಮೀಟರು. ಬೂದುಬಣ್ಣದ ಎರಡು ಕಾಂಗರೂಗಳು ರಸ್ತೆಯಂಚಿನಲ್ಲಿ ತಲೆಯೆತ್ತಿ ನಿಂತು ನಮ್ಮನ್ನು ಹೋಗಗೊಟ್ಟವು. ಶ್ರೀಮತಿ ಕಣ್ಣು ಮುಚ್ಚಿ ಮೆಲ್ಲನೆ ಸಹಸ್ರನಾಮ ಹೇಳಿಕೊಳ್ಳುತ್ತಿದ್ದಳು. ಬಲ್ಲಡೋನಿಯದ ದೀಪಗಳು ಕಂಡಾಗ ಆರಾಗಿತ್ತು. ಟ್ಯಾಂಕಿಗೆ ಹಿಡಿದದ್ದು 68 ಲೀಟರು. ದರ ಹೆಚ್ಚು ಕಡಿಮೆ ಕೈಗುನದಷ್ಟೇ.

‘ಅಪ್ಪ, ಸೋಮವಾರ ನಾನು ಡ್ಯೂಟಿಗೆ ಸೇರಬೇಕು’ ಎಂದಷ್ಟೇ ಅಂದಳು ಮಗಳು, ಚಕ್ರದ ಮೇಲಿನಿಂದ ಕೈ ತೆಗೆಯದೆ. ಬೆರಳುಗಳು ನಡುಗುತ್ತಿದ್ದವು. ನಾನು ತಪ್ಪಾಯಿತೆಂದು ಹೇಳಿದೆ. ಅವಳಿಗೆ ಆ ಮಾತನ್ನು ನಾನು ಹೇಳಿದ್ದು ಅದೇ ಮೊದಲಿರಬೇಕು.

ಆ ತಾಣದಲ್ಲಿ ಒಂದು ಚಿಕ್ಕ ವಸ್ತುಸಂಗ್ರಹಾಲಯವಿದೆ. ಒಳಗೆ ಹೋದರೆ ಸ್ಕೈಲ್ಯಾಬಿನ ತುಣುಕುಗಳು! ಹಿರಿಯ ಕೇಳುಗರಿಗೆ ನೆನಪಿರಬಹುದು, 1979ರ ಜುಲೈ. ಅಮೆರಿಕದ ಆ ವ್ಯೋಮನಿಲ್ದಾಣ ಎಲ್ಲಿ ಬೀಳುವುದೋ ಎಂದು ನಮ್ಮ ಹಳ್ಳಿಗಳೆಲ್ಲ ನಡುಗಿದ್ದವು. ನಾನಾಗ ಬಿ.ಎ. ವಿದ್ಯಾರ್ಥಿ. ‘ಸಾಯೋದೇ ಆದ್ರೆ ಹೋಳಿಗೆ ತಿಂದು ಸಾಯೋಣ’ ಎಂದು ನಮ್ಮ ಅಜ್ಜಿ ಒಬ್ಬಟ್ಟು ಮಾಡಿಸಿದ್ದಳು. ಬೀಳುವುದು ನಮ್ಮ ಮೇಲೆಯೇ ಎಂದು ನಾವು ಕಾಯುತ್ತಿದ್ದಾಗ ಅದು ಬಂದು ಬಿದ್ದದ್ದು ಈ ಸೀಮೆಯಲ್ಲಿ. ಕಸ ಚೆಲ್ಲಿದ ತಪ್ಪಿಗೆ ಎಸ್ಪೆರೆನ್ಸ್ ಎಂಬ ಸ್ಥಳೀಯ ಆಡಳಿತ ನಾಸಾ ಸಂಸ್ಥೆಗೆ 400 ಡಾಲರ್ ದಂಡ ಹಾಕಿತು. 2009ರಲ್ಲಿ ಅಮೆರಿಕದ ಒಬ್ಬ ರೇಡಿಯೋ ನಿರೂಪಕ ತನ್ನ ಕೇಳುಗರಿಂದ ಹಣ ಕೂಡಿಸಿ ಅದನ್ನು ತೀರಿಸಿದ. ಅಜ್ಜಿಯ ಕಥೆಯನ್ನು ಹೇಳಿದಾಗ ಮಗಳು ಆ ದಿನ ಮೊದಲ ಸಲ ನಕ್ಕಳು.

ಮಕ್ಕಳು ಆ ದೇಶದಲ್ಲಿರುವವರಿಗೆ ಉಪಯೋಗವಾದೀತೆಂದು ಎರಡು ಮಾತು. ಬೇಸಿಗೆಯಲ್ಲಿ ಈ ದಾರಿ ಹಿಡಿಯಬೇಡಿ. ಕುಡಿಯುವ ನೀರು ಬೇರೆಯಾಗಿ 20 ಲೀಟರಾದರೂ ಇರಲಿ. ರೋಡ್‌ಹೌಸುಗಳಲ್ಲಿ ಟ್ಯಾಂಕಿಗೆ ತುಂಬಿಕೊಳ್ಳುವಷ್ಟು ನೀರು ಕೇಳಬಾರದು. ಇಂಧನ ಕಂಡಲ್ಲೆಲ್ಲ ಹಾಕಿಸಿ. ಹಗಲಿಗೆ ನಾಲ್ಕುನೂರು ಕಿಲೋಮೀಟರು ಸಾಕು. ಆರು ದಿನದ ರೀಲೊಕೇಷನ್ನಿನಲ್ಲಿ ಅದು ಆಗದ ಮಾತು, ಎಂಟು ದಿನ ಕೇಳಿನೋಡಿ, ಕೆಲವೊಮ್ಮೆ ಕೊಡುತ್ತಾರೆ.

ಆರನೆಯ ದಿನ ಮಧ್ಯಾಹ್ನ ಪರ್ತಿನಲ್ಲಿ ವ್ಯಾನನ್ನು ಒಪ್ಪಿಸಿದೆವು. ಬಾಡಿಗೆ ಆರು ಡಾಲರು. ಡೀಸೆಲಿಗೆ ಅದರ ನೂರು ಪಟ್ಟಿಗಿಂತ ಹೆಚ್ಚು. ಕಛೇರಿಯ ಹುಡುಗ ಸುತ್ತ ನೋಡಿ, ಒಲೆಯನ್ನು ಮೂಸಿ, ಇಂಗಿನ ವಾಸನೆಗೆ ಹುಬ್ಬೇರಿಸಿದ. ಗುಡಿಸಿ ತೊಳೆಸಿ ಮರುದಿನ ಬೆಳಗ್ಗೆ ಅದನ್ನು ಉತ್ತರಕ್ಕೆ ಹೋಗುವ ಒಂದು ಜರ್ಮನ್ ದಂಪತಿಗೆ ಕೊಡಬೇಕೆಂದೂ, ಅವರದು ಪೂರ್ಣ ಬಾಡಿಗೆಯೆಂದೂ ಹೇಳಿದ.