ಬ್ಯಾಟರಿಗೂ ಒಂದು ಮಿತಿಯುಂಟು

ರಬಕವಿ-ಬನಹಟ್ಟಿಗಳಲ್ಲಿ ಮಗ್ಗದ ಮುಂದೆ ಕುಳಿತು ಬಾಳಿದವರಿಗೆ ನೂಲಿನ ಬಿಗುವನ್ನು ಕುರಿತು ಯಾರೂ ಉಪದೇಶಿಸಬೇಕಾದ ಕಾರಣವಿಲ್ಲ. ಹಾಸು ಮಿತಿಮೀರಿ ಬಿಗಿದರೆ ಎಳೆ ಹರಿಯುವದು. ಸಡಿಲಾದರೆ ನೇಯ್ಗೆ ಕೆಡುವದು. ಇವೆರಡರ ನಡುವಿನ ಹದವೇ ನೇಕಾರಿಕೆಯ ಮರ್ಮವು. ಮನೆಯ ಮೂಲೆಯಲ್ಲಿ ಮೌನವಾಗಿ ಕುಳಿತಿರುವ ಇನ್ವರ್ಟರಿನ ಬ್ಯಾಟರಿಗೂ ಇದೇ ನ್ಯಾಯವು ಸಲ್ಲುವದು. ಆದರೆ ನೂಲಿನ ಹದವನ್ನು ಬೆರಳಿನಿಂದಲೇ ಅರಿಯುವ ಗೃಹಸ್ಥರು ಬ್ಯಾಟರಿಯ ವಿಷಯದಲ್ಲಿ ಮಾತ್ರ ಉದಾಸೀನರಾಗಿ, ಎರಡು ಮೂರು ಬೇಸಿಗೆಗಳಲ್ಲಿಯೇ ಅದನ್ನು ಕಳೆದುಕೊಂಡು, ಪುನಃ ಸಾವಿರಾರು ರೂಪಾಯಿಗಳನ್ನು ತೆರುವದುಂಟು. ಆ ವ್ಯಯವನ್ನು ತಪ್ಪಿಸುವ ಉಪಾಯವು ಕಠಿಣವಾದುದಲ್ಲ.

ಸೀಸದ ಬ್ಯಾಟರಿಯನ್ನು 1859 ರಲ್ಲಿ ಫ್ರಾನ್ಸ ದೇಶದ ಗಾಸ್ತೋನ್ ಪ್ಲಾಂತೆ ಎಂಬ ವಿಜ್ಞಾನಿಯು ನಿರ್ಮಿಸಿದನು. 12 ವೋಲ್ಟಿನ ಬ್ಯಾಟರಿಯೆಂದರೆ ತಲಾ ಸುಮಾರು 2 ವೋಲ್ಟಿನ ಆರು ಕೋಶಗಳ ಮಾಲೆ. ಪ್ರತಿಯೊಂದು ಕೋಶದಲ್ಲಿಯೂ ಸೀಸದ ಫಲಕಗಳು ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿರುವವು. ಬ್ಯಾಟರಿಯು ವಿದ್ಯುತ್ತನ್ನು ಕೊಡುವಾಗ ಆಮ್ಲದ ಅಂಶವು ಫಲಕಗಳನ್ನು ಸೇರುವದು. ತುಂಬಿಸುವಾಗ ಅದು ಬಿಟ್ಟು ಮರಳಿ ನೀರಿಗೆ ಬರುವದು. ಅರೆಹೊಟ್ಟೆಯಲ್ಲಿಯೇ ಬಹುದಿನ ಇಟ್ಟರೆ ಫಲಕಗಳ ಮೇಲಿನ ಪದರು ಗಟ್ಟಿಯಾಗಿ, ಆ ಬ್ಯಾಟರಿಯು ಪುನಃ ಪೂರ್ಣವಾಗಿ ತುಂಬಲಾರದು. ಅತಿಯಾಗಿ ತುಂಬಿದರೆ ಒಳಗಿನ ನೀರು ಜಲಜನಕ, ಆಮ್ಲಜನಕಗಳೆಂಬ ವಾಯುಗಳಾಗಿ ಒಡೆದು ಹೋಗುವದಲ್ಲದೆ ಫಲಕಗಳೂ ಸವೆಯುವವು.

ಆದುದರಿಂದ ಒಳ್ಳೆಯ ಚಾರ್ಜರು ಮೂರು ಹಂತಗಳಲ್ಲಿ ಕೆಲಸ ಮಾಡುವದು. ಮೊದಲು ಧಾರಾಳವಾಗಿ ವಿದ್ಯುತ್ತನ್ನು ಕೊಡುವದು. 150 ಆಂಪಿಯರ್-ಘಂಟೆಯ ಬ್ಯಾಟರಿಗೆ ಅದರ ಹತ್ತನೆಯ ಒಂದು ಪಾಲು, ಅಂದರೆ 15 ಆಂಪಿಯರು, ಸಾಮಾನ್ಯವಾದ ಪ್ರಮಾಣವು. ಒತ್ತಡವು ಸುಮಾರು 14.4 ವೋಲ್ಟಿಗೆ ಏರಿದ ಮೇಲೆ ಅಲ್ಲಿಯೇ ನಿಲ್ಲಿಸಿ, ಹರಿವು ತಾನಾಗಿ ಕುಗ್ಗುವ ವರೆಗೆ ಕಾಯುವದು ಎರಡನೆಯ ಹಂತ. ತುಂಬಿದ ನಂತರ 13.5 ರಿಂದ 13.8 ವೋಲ್ಟಿಗೆ ಇಳಿಸಿ ಕೇವಲ ಕಾಯ್ದುಕೊಳ್ಳುವದು ಮೂರನೆಯದು. ಈ ಅಂಕೆಗಳು ಬ್ಯಾಟರಿಯ ಜಾತಿಗನುಸಾರವಾಗಿ ತುಸು ಬದಲಾಗುವವು. ಬ್ಯಾಟರಿಯೊಡನೆ ಬಂದ ಪತ್ರಿಕೆಯ ಮಾತೇ ಪ್ರಮಾಣವು. ಅನೇಕ ಇನ್ವರ್ಟರುಗಳ ಬೆನ್ನಿನ ಮೇಲೆ ಬ್ಯಾಟರಿಯ ಜಾತಿಯನ್ನು ಆರಿಸುವ ಒಂದು ಚಿಕ್ಕ ಗುಂಡಿಯಿರುವದು. ನೀರು ಹಾಕುವ ಟ್ಯುಬ್ಯುಲರ್ ಬ್ಯಾಟರಿಗೆ ಒಪ್ಪುವ ಒತ್ತಡವು ಮುಚ್ಚಿದ ಬ್ಯಾಟರಿಗೆ ಹೆಚ್ಚಾಗಬಹುದು. ಲಿಥಿಯಮ್ ಬ್ಯಾಟರಿಯ ನಿಯಮವಂತೂ ಬೇರೆಯೇ. ಅದಕ್ಕೆ ಅದರದೇ ಆದ ಚಾರ್ಜರು ಬೇಕು.

ನಮ್ಮ ಸೀಮೆಯವರು ವಿಶೇಷವಾಗಿ ಲಕ್ಷಿಸಬೇಕಾದ ವಿಷಯವು ಉಷ್ಣತೆಯದು. ಮೇಲಿನ ಅಂಕೆಗಳು 25 ಅಂಶ ಉಷ್ಣತೆಗೆ ಹೇಳಿದವು. ಚೈತ್ರ-ವೈಶಾಖಗಳಲ್ಲಿ ತಗಡಿನ ಮಾಡಿನ ಕೆಳಗಿಟ್ಟ ಬ್ಯಾಟರಿಯು 40 ಅಂಶ ಕಾದಿತೆನ್ನೋಣ. ಉಷ್ಣತೆಯು ಒಂದಂಶ ಏರಿದಂತೆ ಕೋಶವೊಂದಕ್ಕೆ ಸುಮಾರು 4 ಸಹಸ್ರಾಂಶ ವೋಲ್ಟಿನಂತೆ ಒತ್ತಡವನ್ನು ಇಳಿಸಬೇಕು. ಆರು ಕೋಶಗಳಿಗೆ 24 ಸಹಸ್ರಾಂಶ. 15 ಅಂಶಗಳಿಗೆ 0.36 ವೋಲ್ಟು. ಅಂದರೆ 14.4 ರ ಮಿತಿಯು 14.0 ರ ಸಮೀಪಕ್ಕೆ ಬರಬೇಕು. ಹೀಗೆ ತಾನಾಗಿ ಇಳಿಸಿಕೊಳ್ಳುವ ಸಾಧನವು ಚಾರ್ಜರಿನಲ್ಲಿ ಇದೆಯೇ ಎಂದು ಕೊಳ್ಳುವಾಗಲೇ ಕೇಳುವದು ಜಾಣತನವು. ಬ್ಯಾಟರಿಯು 10 ಅಂಶ ಹೆಚ್ಚು ಕಾದರೆ ಅದರ ಆಯುಷ್ಯವು ಸುಮಾರು ಅರ್ಧಕ್ಕಿಳಿಯುವದೆಂಬುದು ತಜ್ಞರ ಸ್ಥೂಲ ನಿಯಮವು. ತಂಪಾದ, ಗಾಳಿಯಾಡುವ ಸ್ಥಳದಲ್ಲಿಡುವದರಿಂದ ಖರ್ಚಿಲ್ಲದೆ ಲಾಭವಾಗುವದು.

ತುಂಬುವದಕ್ಕೆ ಮಿತಿಯಿರುವಂತೆ ಬಳಸುವದಕ್ಕೂ ಮಿತಿಯುಂಟು. ಪೂರ್ಣ ತುಂಬಿ ವಿಶ್ರಮಿಸಿದ ಬ್ಯಾಟರಿಯು 12.6 ರಿಂದ 12.7 ವೋಲ್ಟು ತೋರುವದು, 12.1 ರ ಸುಮಾರಿಗೆ ಬಂದರೆ ಅರ್ಧ ಬರಿದಾಯಿತೆಂದು ತಿಳಿಯಬೇಕು. ನಿತ್ಯವೂ ಅಲ್ಲಿಗೆ ನಿಲ್ಲಿಸಿದರೆ ಅದು ಬಹುಕಾಲ ಬಾಳುವದು.

2017 ರ ಸಪ್ಟಂಬರದಲ್ಲಿ ಗೋವೆಯಿಂದ ಹೊರಟ ಭಾರತೀಯ ನೌಕಾದಳದ ಆರು ಜನ ಮಹಿಳಾ ಅಧಿಕಾರಿಗಳು ‘ತಾರಿಣಿ’ ಎಂಬ ಹಾಯಿಹಡಗಿನಲ್ಲಿ ಭೂಪ್ರದಕ್ಷಿಣೆ ಮಾಡಿ 2018 ರ ಮೇ ತಿಂಗಳಲ್ಲಿ ಮರಳಿದರು. ನಡುಗಡಲಿನಲ್ಲಿ ಇಂಥ ಹಡಗುಗಳ ದೀಪ, ರೇಡಿಯೋ, ದಾರಿ ತೋರುವ ಯಂತ್ರ ಇವೆಲ್ಲಕ್ಕೂ ಬ್ಯಾಟರಿಯೇ ಆಧಾರವು. ಕೆಟ್ಟರೆ ಕೊಳ್ಳಲು ಅಂಗಡಿಯಿಲ್ಲ. ಅದಕ್ಕಾಗಿಯೇ ಹಾಯಿಹಡಗಿನವರು ಚಾರ್ಜರಿನ ಮಿತಿಗಳನ್ನು ಅಷ್ಟು ಎಚ್ಚರದಿಂದ ನಿಶ್ಚಯಿಸುವರು. ಅವರಿಗೆ ಪ್ರಾಣದ ಪ್ರಶ್ನೆಯಾದುದು ನಮಗೆ ಹಣದ ಪ್ರಶ್ನೆಯೆಂದು ತೋರಬಹುದು. ಆದರೆ ಪೂರ್ಣ ಹಾಗಲ್ಲ.

ತುಂಬುವಾಗ ಹೊರಡುವ ಜಲಜನಕವು ಗಾಳಿಯಲ್ಲಿ ನೂರಕ್ಕೆ 4 ಪಾಲು ಸೇರಿದರೂ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಆದುದರಿಂದ ದೇವರ ದೀಪವಿರುವ ಕೋಣೆಯಲ್ಲಾಗಲಿ, ಮಕ್ಕಳು ಮಲಗುವ ಮುಚ್ಚಿದ ಕೋಣೆಯಲ್ಲಾಗಲಿ ಬ್ಯಾಟರಿಯನ್ನು ಇಡಲಾಗದು. ನೀರು ಕಡಿಮೆಯಾದರೆ ಬಟ್ಟಿಯಿಳಿಸಿದ ನೀರನ್ನೇ ಹಾಕಬೇಕು. ನಳದ ನೀರೂ ಕೊಳವೆಬಾವಿಯ ನೀರೂ ಲವಣಯುಕ್ತವಾದ ಕಾರಣ ವರ್ಜ್ಯವು. ಆಮ್ಲವನ್ನು ಎಂದೂ ಮನೆಯಲ್ಲಿ ಸೇರಿಸಬಾರದು. ಅದು ಕಣ್ಣಿಗೆ ಸಿಡಿದರೆ ಧಾರಾಳ ನೀರಿನಿಂದ ಬಹಳ ಹೊತ್ತು ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಗೃಹಿಣಿಯರು ಎಣ್ಣೆ-ಬೇಳೆಗಳ ಲೆಕ್ಕವನ್ನು ಬರೆದಿಡುವ ಪುಸ್ತಕದಲ್ಲಿಯೇ ತಿಂಗಳಿಗೊಮ್ಮೆ ಬ್ಯಾಟರಿಯ ವೋಲ್ಟನ್ನೂ ನೀರಿನ ಮಟ್ಟವನ್ನೂ ಬರೆದಿಟ್ಟರೆ ಸಾಕು. ನೀರು ಬೇಗಬೇಗನೆ ಇಳಿಯುತ್ತಿದ್ದರೆ ಮಿತಿಯು ಮೇಲಾಗಿದೆಯೆಂದೂ, ಕರೆಂಟು ಹೋದ ಸ್ವಲ್ಪ ಹೊತ್ತಿಗೇ ದೀಪವು ಮಂಕಾದರೆ ಅದು ಕೆಳಗಾಗಿದೆ ಇಲ್ಲವೆ ಬ್ಯಾಟರಿಗೆ ವಯಸ್ಸಾಗಿದೆಯೆಂದೂ ಆ ಪುಸ್ತಕವೇ ತಿಳಿಸುವದು. ಪರೀಕ್ಷೆಯ ದಿನಗಳಲ್ಲಿ ಓದುವ ಮಗುವಿನ ಮುಂದಿನ ದೀಪವು ಆರದಿರಬೇಕಾದರೆ ಇಷ್ಟು ಶ್ರಮವು ಹೆಚ್ಚಿನದಲ್ಲ.