ಸುರಪುರ ಸೀಮೆಯ ಗಿರಿದುರ್ಗಗಳು

ಆಂಗ್ಲದೇಶಕ್ಕೂ ಫ್ರಾನ್ಸಿಗೂ ನಡುವಣ ಕಡಲಿನಲ್ಲಿ ಜರ್ಸಿ, ಗರ್ನ್ಸಿ ಎಂಬ ಚಿಕ್ಕ ದ್ವೀಪಗಳಿವೆ. ೧೯೪೦ರಿಂದ ೧೯೪೫ರ ವರೆಗೆ ಜರ್ಮನರು ಅವುಗಳನ್ನು ಆಕ್ರಮಿಸಿಕೊಂಡು, ಸೆರೆಯಾಳುಗಳಿಂದಲೂ ಬಲವಂತದ ಕೂಲಿಗಳಿಂದಲೂ ಬಂಡೆ ಕೊರೆಯಿಸಿ ಸುರಂಗಗಳನ್ನು ಕಟ್ಟಿಸಿದರು. ಇಂದು ರಜೆಗೆಂದು ಅಲ್ಲಿಗೆ ಹೋಗುವ ಕುಟುಂಬಗಳು ಆ ಸುರಂಗಗಳನ್ನು ಹೊಕ್ಕು ನೋಡಿ ಬರುತ್ತವೆ. ಇದನ್ನೋದಿದಾಗ, ಇಂಥ ಯಾತ್ರೆಗೆ ನಾವು ಸಮುದ್ರವನ್ನು ದಾಟಬೇಕಾದುದಿಲ್ಲವೆಂಬುದು ನಮ್ಮ ಮನಸ್ಸಿಗೆ ಹೊಳೆಯಿತು. ಭೀಮಾ-ಕೃಷ್ಣೆಯರ ಮಡಿಲಲ್ಲಿರುವ ಯಾದಗಿರಿ, ಶಹಾಪುರ, ಸುರಪುರಗಳ ಗುಡ್ಡಗಳು ಪರಸೈನ್ಯಗಳ ಕಾಲ್ತುಳಿತವನ್ನು ಕಡಿಮೆ ಕಂಡವುಗಳಲ್ಲ. ಆದುದರಿಂದ ಕಳೆದ ಚಳಿಗಾಲದಲ್ಲಿ ನಮ್ಮ ಮೊಮ್ಮಗಳನ್ನು ಕರೆದುಕೊಂಡು ಅತ್ತ ಹೊರಟೆವು.

ಮುಂಬಯಿ-ಚೆನ್ನೈ ರೈಲುದಾರಿಯಲ್ಲಿರುವ ಯಾದಗಿರಿಯಲ್ಲಿ ಇಳಿದೊಡನೆಯೇ ಕೋಟೆಯ ಗುಡ್ಡವು ಕಣ್ಣಿಗೆ ಬೀಳುವದು. ಒಂದರೊಳಗೊಂದರಂತೆ ಮೂರು ಸುತ್ತಿನ ಗೋಡೆಗಳು ಅದನ್ನು ಬಳಸಿರುವವು. ಬಹಮನಿಗಳೂ ವಿಜಾಪುರದ ಆದಿಲಶಾಹಿಗಳೂ ಇದನ್ನು ಆಳಿದರು. ಹತ್ತುವಾಗ ನಾವು ಮೊಮ್ಮಗಳಿಗೆ ಶಾಸ್ತ್ರದ ಮಾತನ್ನು ಹೇಳಿದೆವು: ಮನುವು ಆರು ಬಗೆಯ ದುರ್ಗಗಳನ್ನು ಎಣಿಸಿ, ಅವುಗಳಲ್ಲಿ ಗಿರಿದುರ್ಗವೇ ಶ್ರೇಷ್ಠವೆನ್ನುತ್ತಾನೆ. ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮನಾದರೋ, ಎಲ್ಲಕ್ಕಿಂತ ಭೇದಿಸಲು ಕಠಿನವಾದುದು ನರದುರ್ಗ, ಅಂದರೆ ಪ್ರಜೆಗಳೇ ಕೋಟೆಯಾಗಿ ನಿಲ್ಲುವದು, ಎನ್ನುತ್ತಾನೆ. ಇಬ್ಬರಲ್ಲಿ ಯಾರ ಮಾತು ನಿಜವೆಂಬುದನ್ನು ಈ ಸೀಮೆಯೇ ತೋರಿಸಲಿ ಎಂದುಕೊಂಡು ಮುಂದೆ ಸಾಗಿದೆವು. ದಾರಿಯಲ್ಲಿ ಶಹಾಪುರದ ಗುಡ್ಡಗಳ ಸಾಲು, ಮಲಗಿದ ಬುದ್ಧನ ಆಕೃತಿಯನ್ನು ತಾಳಿ, ಕೋಟೆಯ ಕಲಹಗಳಿಗೆಲ್ಲ ಕಣ್ಮುಚ್ಚಿಕೊಂಡಂತೆ ಶಾಂತವಾಗಿತ್ತು.

ಸುರಪುರಕ್ಕೆ ಅನತಿದೂರದಲ್ಲಿ ವಾಗಿನಗೇರಿಯಿದೆ. ಔರಂಗಜೇಬನು ತಾನೇ ಮುಂದೆ ನಿಂತು ಮುತ್ತಿದ ಕಡೆಯ ಕೋಟೆ ಇದು. ೧೭೦೫ರಲ್ಲಿ ಆ ಬಾದಶಹನಿಗೆ ಎಂಬತ್ತಾರು ವರ್ಷ. ಬೇಡರ ನಾಯಕನಾದ ಪಿಡ್ಡ ನಾಯಕನು ಮರಾಠರ ನೆರವಿನಿಂದ ಸುಮಾರು ಮೂರು ತಿಂಗಳು ಎದುರಿಸಿ, ಕೊನೆಗೆ ಏಪ್ರಿಲಿನಲ್ಲಿ ರಾತ್ರಿ ತನ್ನವರೊಡನೆ ಪಾರಾದನು. ಮೊಗಲರ ಕೈಗೆ ದೊರೆತುದು ಉರಿಯುತ್ತಿರುವ ಬರಿಯ ಕೋಟೆ. ಬಾದಶಹನು ಸಮೀಪದ ದೇವಾಪುರದಲ್ಲಿ ಪಾಳೆಯ ಬಿಟ್ಟು, ಅಲ್ಲಿಯೇ ತೀವ್ರವಾಗಿ ಕಾಯಿಲೆ ಬಿದ್ದನು. ೧೭೦೭ರಲ್ಲಿ ಅಹಮದನಗರದಲ್ಲಿ ತೀರಿಕೊಂಡನು. ನಾಯಕನಾದರೋ ತನ್ನ ನೆಲಕ್ಕೆ ಮರಳಿದನು. ಕಲ್ಲು ಸೋತಿತು, ಜನ ಸೋಲಲಿಲ್ಲ. ಭೀಷ್ಮನ ಮಾತೇ ಗೆದ್ದಿತೆಂದು ನಾವು ಹಿಗ್ಗಿದೆವು. ಆದರೆ ಸುರಪುರವು ನಮ್ಮ ಹಿಗ್ಗನ್ನು ಉಳಿಸಗೊಡಲಿಲ್ಲ.

ಸುರಪುರದ ಗುಡ್ಡದ ಮೇಲೆ ಟೇಲರ ಮಂಜಿಲ್ ಎಂಬ ಬಂಗಲೆಯಿದೆ. ಫಿಲಿಪ್ ಮೆಡೋಸ್ ಟೇಲರನು ೧೮೪೧ರಿಂದ ೧೮೫೩ರ ವರೆಗೆ, ಎಳೆಯ ರಾಜಾ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನದ ಆಡಳಿತವನ್ನು ನೋಡಿಕೊಂಡನು. ಬೋನಾಳದ ಕೆರೆಯನ್ನು ದುರಸ್ತಿ ಮಾಡಿಸಿದನು. ಶಹಾಪುರದ ಹತ್ತಿರ ವಿಭೂತಿಹಳ್ಳಿಯ ಪ್ರಾಚೀನ ಶಿಲಾಪಂಕ್ತಿಗಳನ್ನು ಅಭ್ಯಸಿಸಿದನು. ಬಾಲರಾಜನು ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು.

೧೮೫೮ರ ಫೆಬ್ರುವರಿಯಲ್ಲಿ ಇಂಗ್ಲಿಷರ ದಂಡು ಸುರಪುರಕ್ಕೆ ಬಂದಿತು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬರಿಯು ಮಡಿದನು. ಲೆಫ್ಟನಂಟ್ ಸ್ಟುವರ್ಟನು ಮಾರಣಾಂತಿಕವಾಗಿ ಗಾಯಗೊಂಡನು. ಹೆಚ್ಚಿನ ಸೈನ್ಯ ಬರುತ್ತಿರಲು ರಾಜನು ಕೆಲವೇ ಸವಾರರೊಡನೆ ಹೈದರಾಬಾದಿಗೆ ಹೋದನು. ಅಲ್ಲಿ ಸಾಲಾರಜಂಗನು ಅವನನ್ನು ಇಂಗ್ಲಿಷರಿಗೆ ಒಪ್ಪಿಸಿದನು. ಟೇಲರನು ಸೆರೆಮನೆಯಲ್ಲಿ ಅವನನ್ನು ಕಂಡು, ಬಂಡಾಯಕ್ಕೆ ಪ್ರೇರಿಸಿದವರು ಯಾರೆಂದು ಕೇಳಿದರೆ, ತರುಣನು ಅವರ ಹೆಸರುಗಳನ್ನು ಹೇಳಲೊಲ್ಲದೆ ಹೋದನೆಂದು ಟೇಲರನೇ ತನ್ನ ಆತ್ಮಚರಿತ್ರೆಯಲ್ಲಿ ಬರೆದಿದ್ದಾನೆ. ಮರಣದಂಡನೆಯು ಗಡಿಪಾರಿಗೂ, ಬಳಿಕ ನಾಲ್ಕು ವರ್ಷದ ಸೆರೆಗೂ ಇಳಿಯಿತು. ಆದರೆ ಸೆರೆಗೆ ಒಯ್ಯುವ ದಾರಿಯಲ್ಲಿ, ಮೊದಲ ಬೀಡಿನಲ್ಲಿಯೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ರಾಜನು ಮಡಿದನು. ಅದು ಆಕಸ್ಮಿಕವೊ, ಆತ್ಮಹತ್ಯೆಯೊ, ಪರರ ಕೃತ್ಯವೊ ಎಂಬ ವಾದವು ಇನ್ನೂ ಮುಗಿದಿಲ್ಲ. ೧೮೬೦ರಲ್ಲಿ ಸಂಸ್ಥಾನವು ನಿಜಾಮನ ಪಾಲಾಯಿತು.

ಬಂಗಲೆಯ ಮುಂದೆ ನಿಂತು ಇಷ್ಟನ್ನು ಹೇಳಿದಾಗ ಮೊಮ್ಮಗಳು ಕೇಳಿದಳು: “ಅಜ್ಜಾ, ಹಂಗಾದರ ಈ ಮನಿ ವೈರೀದೊ, ಅಪ್ಪಂದೊ?”

ನಮಗೆ ಕೂಡಲೆ ಉತ್ತರ ಹೊಳೆಯಲಿಲ್ಲ. ನಿಜವನ್ನು ಒಪ್ಪಿಕೊಳ್ಳುವದಾದರೆ, ವರ್ಷಾನುಗಟ್ಟಲೆ ನಾವು ಸಾಲೆಯಲ್ಲಿ ‘೧೮೫೮ರಲ್ಲಿ ಸುರಪುರವು ಪರಾಜಿತವಾಯಿತು’ ಎಂಬ ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿಸಿ ಮುಂದಿನ ಪಾಠಕ್ಕೆ ಹೋಗಿದ್ದೆವು. ಆ ವಾಕ್ಯದೊಳಗೆ ‘ಅಪ್ಪಾ’ ಎಂದು ಕರೆಯುತ್ತಿದ್ದ ಹುಡುಗನೊಬ್ಬನಿದ್ದಾನೆಂದು ಯಾವ ವಿದ್ಯಾರ್ಥಿಗೂ ತಿಳಿಸಿದವರಲ್ಲ. ಎಷ್ಟು ತರಗತಿಗಳು ಹೀಗೆ ಬರಿಗೈಯಿಂದ ಹೊರಟುಹೋದವೊ ಎಂದು ನೆನೆದು ನಮಗೆ ನಾಚಿಕೆಯಾಯಿತು.

ಕಡೆಗೆ ನಾವು ಹೇಳಿದೆವು: “ಎರಡೂ ಹೌದವ್ವಾ. ಅವನು ಹುಡುಗನನ್ನು ಪ್ರೀತಿಸಿದ್ದು ಸುಳ್ಳಲ್ಲ; ಆ ಹುಡುಗನ ರಾಜ್ಯವನ್ನು ಕಸಿದವರ ನೌಕರನಾಗಿದ್ದುದೂ ಸುಳ್ಳಲ್ಲ. ಸಾಕಿದವನ ಅಂತಃಕರಣಕ್ಕಿಂತ ಅವನ ಒಡೆಯರ ತೋಪು ದೊಡ್ಡದಾಗಿತ್ತು.”

ಅವಳು ಸ್ವಲ್ಪ ಹೊತ್ತು ಗುಡ್ಡದ ಕೆಳಗಿನ ಊರನ್ನೇ ನೋಡಿ, “ಹೆಸರು ಹೇಳಲಿಲ್ಲಲ್ಲಾ ಅಜ್ಜಾ, ಅದೂ ಒಂದು ಕೋಟೀನs” ಎಂದಳು. ಭೀಷ್ಮನ ಮಾತಿಗೆ ಇದಕ್ಕಿಂತ ಸರಳವಾದ ಟೀಕೆಯನ್ನು ನಾವು ಇದುವರೆಗೆ ಓದಿಲ್ಲ.

ಗೃಹಸ್ಥರಾದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೇ. ಯಾದಗಿರಿಯಿಂದ ಶಹಾಪುರದ ಮೇಲೆ ಹಾಯ್ದು ಸುರಪುರಕ್ಕೆ ಹೋಗುವ ದಾರಿ ದೂರದ್ದಲ್ಲ. ಬಿಸಿಲು ಏರುವ ಮುನ್ನ ಗುಡ್ಡವನ್ನು ಹತ್ತಬೇಕು. ಬುತ್ತಿಯೂ ನೀರೂ ಜೊತೆಗಿರಬೇಕು. ಕೋಟೆಯ ಕಲ್ಲಿನ ಮೇಲೆ ಮಕ್ಕಳು ತಮ್ಮ ಹೆಸರನ್ನು ಕೆತ್ತದಂತೆ ನೋಡಿಕೊಳ್ಳಬೇಕು. ಅಲ್ಲಿ ಅಳಿದವರ ಹೆಸರುಗಳನ್ನು ಅವರು ನೆನಪಿನಲ್ಲಿ ಹೊತ್ತು ಮನೆಗೆ ಮರಳಿದರೆ ಯಾತ್ರೆಯು ಸಫಲವಾದಂತೆಯೇ ಸರಿ.