ಚಿತ್ರ ಬರೆಯಲು ಬಾರದವರೂ ಫೋಟೊ ತಿದ್ದಬಹುದೇ?

ಪ್ರಶ್ನೆ: ನನಗೆ ಚಿತ್ರ ಬರೆಯಲು ಬರುವುದಿಲ್ಲ. ಕಂಪ್ಯೂಟರಿನಲ್ಲಿ ಫೋಟೊ ಎಡಿಟಿಂಗ್ ಹವ್ಯಾಸ ನನ್ನಂಥವರಿಗೆ ಒಗ್ಗೀತೆ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಖಂಡಿತ ಒಗ್ಗುತ್ತದೆ. ಇಲ್ಲಿ ಕೈಚಳಕಕ್ಕಿಂತ ಬೆಳಕನ್ನು ಗಮನಿಸುವ ಕಣ್ಣು ಮುಖ್ಯ. ಪಕ್ಕದ ಹರಿಹರಕ್ಕೆ ಹೋಗಿ, 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಮಂಟಪದ ಫೋಟೊ ತೆಗೆಯಿರಿ. ಆಕಾಶ ಚೆನ್ನಾಗಿ ಬಂದರೆ ಕಂಬಗಳು ಕಪ್ಪು. ಕಂಬ ಕಂಡರೆ ಆಕಾಶ ಬೆಳ್ಳಗೆ. ಕಪ್ಪು ಕಂಬದ ಫೋಟೊವನ್ನೇ ಆರಿಸಿಕೊಳ್ಳಿ. ನೆರಳಿನಲ್ಲಿ ಅಡಗಿದ ವಿವರವನ್ನು ಮೇಲೆತ್ತಬಹುದು, ಪೂರ್ತಿ ಬೆಳ್ಳಗಾದ ಕಡೆ ಎತ್ತಲು ಏನೂ ಉಳಿದಿರುವುದಿಲ್ಲ.

ತಂತ್ರಾಂಶಕ್ಕೆ ದುಡ್ಡು ಸುರಿಯಬೇಡಿ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಶುರುಮಾಡಿದ ಗಿಂಪ್ ಇಂದಿಗೂ ಉಚಿತ. ಅದರಲ್ಲಿ ಮೊದಲು ಕಲಿಯಬೇಕಾದ್ದು ಲೇಯರ್ (ಪದರ) ಮತ್ತು ಪದರದ ಬೇಡದ ಭಾಗವನ್ನು ಮರೆಮಾಡುವ ಮಾಸ್ಕ್. ಫೋಟೊದ ಪದರವನ್ನು ನಕಲು ಮಾಡಿ, ಮೇಲಿನದನ್ನು 'ಕರ್ವ್ಸ್' ಬಳಸಿ ಬೆಳಗಿಸಿ. ಕಂಬದ ಕಡೆದ ಅಂಚುಗಳು ಒಂದೊಂದಾಗಿ ಹೊರಬರುವುದನ್ನು ನೋಡುವ ಸುಖವೇ ಬೇರೆ! ಆಮೇಲೆ ಆ ಮೇಲಿನ ಪದರಕ್ಕೆ ಬಿಳಿ ಮಾಸ್ಕ್ ಸೇರಿಸಿ, ಆಕಾಶದ ಜಾಗಕ್ಕೆ ಕಪ್ಪು ಬಳಿಯಿರಿ. ಅಲ್ಲಿ ಕೆಳಗಿನ ಪದರದ ಆಕಾಶ ಹಾಗೇ ಕಾಣುತ್ತದೆ. ಕೈತಪ್ಪಿದರೆ ಬಿಳಿ ಬಳಿದರಾಯಿತು, ಏನೂ ಅಳಿದುಹೋಗುವುದಿಲ್ಲ. ಚಿತ್ರ ಬರೆಯಲು ಅಂಜುವವರಿಗೆ ಇದು ದೊಡ್ಡ ಧೈರ್ಯ.

ಮೂಲ ಫೋಟೊವನ್ನು ಮಾತ್ರ ಮುಟ್ಟಬೇಡಿ. ಕೆಲಸವನ್ನು ಗಿಂಪ್‌ನದೇ ಆದ ಎಕ್ಸ್‌ಸಿಎಫ್ ಕಡತವಾಗಿ ಉಳಿಸಿ. ಜೆಪೆಗ್‌ನಲ್ಲಿ ಪದರಗಳು ಉಳಿಯುವುದಿಲ್ಲ, ಮತ್ತೆ ಮತ್ತೆ ತಿದ್ದಿ ಉಳಿಸಿದರೆ ಗುಣಮಟ್ಟವೂ ಇಳಿಯುತ್ತದೆ.

ಬೆಳಕು-ನೆರಳಿಗೆ ಕಣ್ಣು ಪಳಗಬೇಕಾದರೆ, ನಿಮ್ಮೂರಿನ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಪ್ರದರ್ಶನವಿದ್ದರೆ ತಪ್ಪಿಸಬೇಡಿ. ಕಲಾವಿದರು ನೆರಳಿಗೆ ಯಾವ ಬಣ್ಣ ಹಾಕಿದ್ದಾರೆಂದು ಹತ್ತಿರ ನಿಂತು ನೋಡಿ.